ಬಂದೂಕಿನೊಳಗಿನ ಪುಟ್ಟ ತೂಕ

ರೈಲು ಬೋಗಿಗಳ ತುದಿಯಲ್ಲಿ ಡಿಕ್ಕಿಯ ಹೊಡೆತ ತಾಳಿಕೊಳ್ಳಲು ಬಫರ್ ಇರುವುದನ್ನು ಎಲ್ಲರೂ ಬಲ್ಲರು. ಅದೇ ಹೆಸರಿನ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಭಾಗವೊಂದು ಅಮೆರಿಕದ ಎಂ-16 ರೈಫಲ್‌ನಲ್ಲೂ ಇದೆ. ವಿಯೆಟ್ನಾಂ ಯುದ್ಧದಲ್ಲಿ ಈ ರೈಫಲ್ ಸೈನಿಕರಿಗೆ ಕೈಕೊಟ್ಟಾಗ ನಡೆದ ದುರಸ್ತಿಗಳಲ್ಲಿ ಬಫರ್‌ನ ತೂಕ ಹೆಚ್ಚಿಸಿದ್ದೂ ಒಂದು.

ಗುಂಡು ಹಾರಿದಾಗ ನಳಿಗೆಯಲ್ಲಿನ ಬಿಸಿ ಅನಿಲದ ಒಂದಂಶ ಸಣ್ಣ ಕೊಳವೆಯ ಮೂಲಕ ಹಿಂದಕ್ಕೆ ಹರಿದು ಬೋಲ್ಟನ್ನು ತಳ್ಳುತ್ತದೆ. ಹಿಂದೆ ಸರಿಯುವ ಬೋಲ್ಟ್ ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಅದರ ಬೆನ್ನಿಗಿರುವ ಬಫರ್ ಮತ್ತು ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ನೂಕಿದಾಗ ಹೊಸ ತೋಟೆ ಒಳಸೇರುತ್ತದೆ. ಬಫರ್ ತೀರಾ ಹಗುರವಾದರೆ ಬೋಲ್ಟ್ ಅವಸರದಲ್ಲಿ ತೆರೆದುಕೊಳ್ಳುತ್ತದೆ. ಒತ್ತಡ ಇಳಿಯುವ ಮೊದಲೇ ತೋಟೆಯನ್ನು ಎಳೆಯಲು ಹೋಗಿ ಅದು ಒಳಗೇ ಸಿಕ್ಕಿಕೊಳ್ಳಬಹುದು. ತೀರಾ ಭಾರವಾದರೆ ಬೋಲ್ಟ್ ಪೂರ್ತಿ ಹಿಂದೆ ಸರಿಯುವುದೇ ಇಲ್ಲ.

1950ರ ದಶಕದಲ್ಲಿ ಯೂಜಿನ್ ಸ್ಟೋನರ್ ಆರ್ಮಲೈಟ್ ಕಂಪನಿಯಲ್ಲಿ ಈ ರೈಫಲ್ಲಿನ ಮೂಲ ವಿನ್ಯಾಸ ರೂಪಿಸಿದಾಗ ಇವೆಲ್ಲ ಸಮತೋಲದಲ್ಲಿದ್ದವು. 1959ರಲ್ಲಿ ಅದರ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. 1963ರಲ್ಲಿ ಅಮೆರಿಕ ಸರ್ಕಾರ ಒಂದು ಲಕ್ಷಕ್ಕೂ ಹೆಚ್ಚು ರೈಫಲ್‌ಗಳನ್ನು ಖರೀದಿಸಲು ಮುಂದಾಯಿತು. 1964ರಲ್ಲಿ ತೋಟೆಯೊಳಗಿನ ಮದ್ದನ್ನು ಬದಲಿಸಲಾಯಿತು. ರೈಫಲ್ಲನ್ನು ಮಾತ್ರ ಅದಕ್ಕೆ ತಕ್ಕಂತೆ ಬದಲಿಸಲಿಲ್ಲ.

ಹೊಸ ಮದ್ದು ಬೋಲ್ಟಿನ ವೇಗವನ್ನು ಏರಿಸಿತು, ಹೆಚ್ಚು ಮಸಿಯನ್ನೂ ಉಳಿಸಿತು. ಕೆಲವು ರೈಫಲ್‌ಗಳಲ್ಲಿ ಗುಂಡಿನ ವೇಗ ನಿಮಿಷಕ್ಕೆ ಸಾವಿರದ ಹತ್ತಿರ ಹೋಯಿತು. ತೋಟೆ ಕೂರುವ ಕೋಣೆಗೆ ಕ್ರೋಮ್ ಲೇಪನವಿರಲಿಲ್ಲ; ಕಾಡಿನ ತೇವಕ್ಕೆ ಅದು ತುಕ್ಕು ಹಿಡಿಯಿತು. ಅನೇಕ ಸೈನಿಕರಿಗೆ ಶುಚಿಗೊಳಿಸುವ ಸಲಕರಣೆಯನ್ನೂ ಕೊಟ್ಟಿರಲಿಲ್ಲ. ಹೋರಾಟದ ನಡುವೆಯೇ ಬಂದೂಕುಗಳು ಸಿಕ್ಕಿಹಾಕಿಕೊಂಡವು. ಸೈನಿಕರು ಮನೆಗೆ ಬರೆದ ಪತ್ರಗಳು ಸಂಸತ್ತನ್ನೂ ತಲುಪಿದವು.

ಪರಿಹಾರವಾಗಿ ಹಿಂದಿನದಕ್ಕಿಂತ ಭಾರವಾದ ಬಫರ್ ಬಂದಿತು. ಅದರೊಳಗೆ ಉಕ್ಕಿನ ಬಿಲ್ಲೆಗಳು, ನಡುವೆ ರಬ್ಬರ್ ಬಿಲ್ಲೆಗಳು. ಜೋರಾಗಿ ಮುಚ್ಚಿದ ಬಾಗಿಲು ಮತ್ತೆ ತುಸು ತೆರೆದುಕೊಳ್ಳುವಂತೆ ಬೋಲ್ಟ್ ಕೂಡ ಪುಟಿಯುತ್ತದೆ. ಸರಿದಾಡುವ ಬಿಲ್ಲೆಗಳು ತುಸು ತಡವಾಗಿ ಬಂದು ಬಡಿದು ಆ ಪುಟಿತವನ್ನು ತಡೆಯುತ್ತವೆ. ಬೋಲ್ಟಿನ ವೇಗ ತಗ್ಗಿತು. ಜತೆಗೆ ಕ್ರೋಮ್ ಲೇಪನ, ಶುಚಿ ಮಾಡುವ ಸಲಕರಣೆ, ತರಬೇತಿ ಬಂದ ಮೇಲೆ ದೂರುಗಳು ಇಳಿದವು. 1968ರಲ್ಲಿ ಚಿತ್ರಕಥಾಕಾರ ವಿಲ್ ಐಸ್ನರ್ ಸೈನಿಕರಿಗಾಗಿ ರೈಫಲ್ ನಿರ್ವಹಣೆಯ ಸಚಿತ್ರ ಕೈಪಿಡಿಯನ್ನೇ ರಚಿಸಿದರು.

ಸಂಸದ ರಿಚರ್ಡ್ ಇಕಾರ್ಡ್ ನೇತೃತ್ವದ ಉಪಸಮಿತಿ 1967ರಲ್ಲಿ ವಿಚಾರಣೆ ನಡೆಸಿ, ಮದ್ದಿನ ಬದಲಾವಣೆಯನ್ನೂ ಅಧಿಕಾರಿಗಳ ಉದಾಸೀನವನ್ನೂ ಕಟುವಾಗಿ ಟೀಕಿಸಿತು.

ತೂಕದ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಉದ್ದ ರೈಫಲ್‌ನ ಬಫರ್ ಸುಮಾರು 147 ಗ್ರಾಂ ಇದ್ದರೆ, ಗಿಡ್ಡ ನಳಿಗೆಯ ಕಾರ್ಬೈನ್‌ನ ಸಾಮಾನ್ಯ ಬಫರ್ ಸುಮಾರು 85 ಗ್ರಾಂ. ಕಾರ್ಬೈನ್‌ನಲ್ಲಿ ಅನಿಲ ಬೇಗ ಹಿಂದೆ ಬರುವುದರಿಂದ ಬೋಲ್ಟ್ ಇನ್ನೂ ಅವಸರಪಡುತ್ತದೆ. ಹೀಗಾಗಿ ಉಕ್ಕಿನ ಮೂರು ಬಿಲ್ಲೆಗಳಲ್ಲಿ ಒಂದು, ಎರಡು ಅಥವಾ ಮೂರನ್ನೂ ಟಂಗ್‌ಸ್ಟನ್‌ಗೆ ಬದಲಿಸಿ ಹೆಚ್ಚು ಭಾರದ ಬಫರ್‌ಗಳನ್ನು ತಯಾರಿಸಲಾಯಿತು.

ಆದರೆ ಭಾರ ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಮದ್ದು, ನಳಿಗೆ, ಅನಿಲದ ರಂಧ್ರ, ಸ್ಪ್ರಿಂಗ್ ಇವೆಲ್ಲಕ್ಕೂ ಹೊಂದುವ ತೂಕವೇ ಸರಿಯಾದ ತೂಕ. ಒಂದನ್ನು ಬದಲಿಸುವವರು ಉಳಿದವನ್ನು ಪರೀಕ್ಷಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ವಿಯೆಟ್ನಾಂನ ಸೈನಿಕರು ಪ್ರಾಣವನ್ನೇ ಪಣವಾಗಿಟ್ಟು ಕಂಡುಕೊಳ್ಳಬೇಕಾಯಿತು.