ಮಾಲ್‌ನೊಳಗೆ ವರ್ಷಗಟ್ಟಲೆ ಸುರಿದ ಮಳೆ

ಇವತ್ತು ಕೋರಮಂಗಲದ ಒಂದು ಥಿಯೇಟರ್ ಕಥೆ.

2004ರಲ್ಲಿ ಹೊಸೂರು ರಸ್ತೆ ಪಕ್ಕ ಫೋರಂ ಮಾಲ್ ಶುರುವಾಯ್ತು. ಅದರೊಳಗೆ 11 ಸ್ಕ್ರೀನಿನ ಪಿವಿಆರ್. ಅಲ್ಲಿವರೆಗೂ ಬೆಂಗಳೂರಲ್ಲಿ ಸಿನಿಮಾ ಅಂದ್ರೆ ಮೆಜೆಸ್ಟಿಕ್. ಬಸ್ ಇಳಿದು ನಾಲ್ಕು ಹೆಜ್ಜೆ ಹಾಕಿದ್ರೆ ನರ್ತಕಿ, ಸಂತೋಷ್, ತ್ರಿವೇಣಿ. ಬಡಾವಣೆ ಜನಾನೂ ಹೊಸ ಪಿಕ್ಚರ್ ನೋಡೋಕೆ ಅಲ್ಲಿಗೇ ಹೋಗ್ತಿದ್ರು.

ಪಿವಿಆರ್ ಅಂದ್ರೆ ಪ್ರಿಯಾ ವಿಲೇಜ್ ರೋಡ್‌ಶೋ. ಪ್ರಿಯಾ ಅನ್ನೋದು ದೆಹಲಿಯ ವಸಂತ್ ವಿಹಾರದ ಹಳೇ ಟಾಕೀಸು, ವಿಲೇಜ್ ರೋಡ್‌ಶೋ ಆಸ್ಟ್ರೇಲಿಯಾ ಕಂಪನಿ. ಇಬ್ಬರೂ ಸೇರಿ 1997ರಲ್ಲಿ ದಕ್ಷಿಣ ದೆಹಲಿಯ ಸಾಕೇತ್‌ನಲ್ಲಿದ್ದ ಅನುಪಮ್ ಟಾಕೀಸನ್ನು 4 ಸ್ಕ್ರೀನ್ ಮಾಡಿದ್ರು. ಆಸ್ಟ್ರೇಲಿಯಾದವರು ಆಮೇಲೆ ಹೊರಟುಹೋದ್ರು, ಹೆಸರಿನ ಅಕ್ಷರ ಮಾತ್ರ ಉಳೀತು.

ನಾನು ಬಿ.ಕಾಂ ಹುಡುಗ, ಹಾಗಾಗಿ ಸ್ವಲ್ಪ ಲೆಕ್ಕ ಹೇಳ್ಲೇಬೇಕು. ಸಾವಿರ ಸೀಟಿನ ಟಾಕೀಸಲ್ಲಿ ಇನ್ನೂರು ಜನ ಕೂತ್ರೆ ಅದು ಖಾಲಿ ಟಾಕೀಸು. ವಾರದ ಬಾಡಿಗೆ ಹುಟ್ಟಲ್ಲ, ಪಿಕ್ಚರ್ ಎತ್ತಂಗಡಿ. ಅದೇ ಇನ್ನೂರು ಜನ ಮಲ್ಟಿಪ್ಲೆಕ್ಸಿನ ಸಣ್ಣ ಸ್ಕ್ರೀನಲ್ಲಿ ಕೂತ್ರೆ ಹೌಸ್‌ಫುಲ್! ಟಿಕೆಟ್ ಹಣದಲ್ಲಿ ನಿರ್ಮಾಪಕರಿಗೂ ಥಿಯೇಟರಿಗೂ ಪಾಲು. ಪಾಪ್‌ಕಾರ್ನ್ ದುಡ್ಡು ಮಾತ್ರ ಪೂರ್ತಿ ಥಿಯೇಟರಿನದು. ಅದಕ್ಕೇ ಆ ರೇಟು.

2006ರ ಡಿಸೆಂಬರ್ ಕೊನೆಗೆ ಬಂತು ಯೋಗರಾಜ್ ಭಟ್ಟರ 'ಮುಂಗಾರು ಮಳೆ'. ಹೀರೋ ಗಣೇಶ್, ಆಗ ಜನಕ್ಕೆ ಜಾಸ್ತಿ ಗೊತ್ತಿದ್ದದ್ದು ಟಿವಿಯ 'ಕಾಮಿಡಿ ಟೈಮ್'ನಿಂದ. ಮಾಲ್‌ಗೆ ಬರೋರು ಕನ್ನಡ ನೋಡಲ್ಲ ಅನ್ನೋ ಮಾತು ಊರಲ್ಲಿತ್ತು. ಈ ಸಿನಿಮಾ ಅದೇ ಪಿವಿಆರ್‌ನಲ್ಲಿ ಒಂದು ವರ್ಷ ದಾಟಿ ಓಡ್ತು. ನೋಡೋರು ಇದ್ರು, ಅವರಿಗೆ ಬೇಕಾದ್ದು ಸಿಕ್ಕಿರಲಿಲ್ಲ ಅಷ್ಟೇ. ಬಾಯಿಂದ ಬಾಯಿಗೆ ಸುದ್ದಿ ಹಬ್ಬೋಕೆ ಸಮಯ ಬೇಕು. ಇಲ್ಲಿ ಆ ಸಮಯ ಸಿಕ್ತು.

ಆದ್ರೆ ಅದೇ ಲೆಕ್ಕ ಉಲ್ಟಾನೂ ಹೊಡೆಯುತ್ತೆ. 11 ಸ್ಕ್ರೀನ್ ಇದ್ದಾಗ ಒಂದು ಪಿಕ್ಚರ್ ತೆಗೆದು ಇನ್ನೊಂದು ಹಾಕೋದು ಎಷ್ಟೊತ್ತಿನ ಕೆಲಸ? ಶುಕ್ರವಾರ ಬಂದ ಸಣ್ಣ ಕನ್ನಡ ಸಿನಿಮಾಗೆ ಸೋಮವಾರದ ಹೊತ್ತಿಗೆ ಬೆಳಿಗ್ಗೆ ಹತ್ತರ ಶೋ ಒಂದೇ. ಕೆಲಸಕ್ಕೆ ಹೋಗೋರು ಯಾರು ಬರ್ತಾರೆ? ಆಮೇಲೆ 'ಜನ ಬರಲಿಲ್ಲ' ಅಂತಾರೆ. ನನಗೆ ಸಿಟ್ಟು ಬರೋದು ಇಲ್ಲೇ.

ಟಿಕೆಟ್ ರೇಟಿನ ಜಗಳ ಬೇರೆ. 2017ರಲ್ಲಿ ರಾಜ್ಯ ಸರ್ಕಾರ 200 ರೂಪಾಯಿ ಮಿತಿ ಹಾಕಿತ್ತು, ನಿಲ್ಲಲಿಲ್ಲ. 2025ರ ಸೆಪ್ಟೆಂಬರಲ್ಲಿ ಮತ್ತೆ ಅದೇ 200. ಹೈಕೋರ್ಟ್ ಮಧ್ಯಂತರ ತಡೆ ಕೊಡ್ತು.

ಫೋರಂ ಈಗ ನೆಕ್ಸಸ್ ಆಗಿದೆ, ಪಿವಿಆರ್ 2023ರಲ್ಲಿ ಐನಾಕ್ಸ್ ಜೊತೆ ಸೇರ್ಕೊಂಡಿದೆ. 2007ರಲ್ಲಿ ಅಲ್ಲಿ 'ಮುಂಗಾರು ಮಳೆ' ನೋಡಿದ ಅಕ್ಕನೋ ಮಾಮನೋ ನಿಮ್ಮ ಮನೆಯಲ್ಲಿದ್ರೆ, ಟಿಕೆಟ್ ಎಷ್ಟಿತ್ತು ಅಂತ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ.