ಗಾಳಿಮಾತು ಮತ್ತು ನಂಬಿಕೆ: ನೈಜೀರಿಯಾದ ಪೋಲಿಯೊ ಅನುಭವ

2003ರಲ್ಲಿ ಉತ್ತರ ನೈಜೀರಿಯಾದ ಕಾನೊ ರಾಜ್ಯ ಪೋಲಿಯೊ ಲಸಿಕೆ ಹಾಕುವುದನ್ನೇ ನಿಲ್ಲಿಸಿಬಿಟ್ಟಿತು. ಹನಿಯಲ್ಲಿ ಹೆಣ್ಣುಮಕ್ಕಳನ್ನು ಬಂಜೆಯಾಗಿಸುವ ವಸ್ತುವಿದೆ, ಎಚ್‌ಐವಿ ಇದೆ, ಮುಸ್ಲಿಮರ ಸಂಖ್ಯೆ ತಗ್ಗಿಸಲು ಪಶ್ಚಿಮದವರು ಹೂಡಿದ ಸಂಚಿದು ಎಂಬ ಮಾತು ಹಬ್ಬಿತ್ತು. ಹಾಗೆ ಹೇಳಿದವರು ಊರಿಗೆ ಅಪರಿಚಿತರಲ್ಲ. ಧಾರ್ಮಿಕ ಮುಖಂಡರಿದ್ದರು, ವೈದ್ಯರೂ ಇದ್ದರು. ಬಹಿಷ್ಕಾರ ಸುಮಾರು 11 ತಿಂಗಳು ನಡೆಯಿತು. ಅಲ್ಲಿನ ವೈರಸ್ ಪೋಲಿಯೊ ಅಳಿದಿದ್ದ ಹಲವು ದೇಶಗಳಿಗೆ ಮರಳಿ, 2005ರ ಹೊತ್ತಿಗೆ ಇಂಡೋನೇಷ್ಯಾವನ್ನೂ ಮುಟ್ಟಿತು.

ಆ ಸುಳ್ಳು ಕಾನೊದಲ್ಲಿಯೇ ಏಕೆ ಬೇರೂರಿತು?

ಉತ್ತರ 1996ರಲ್ಲಿದೆ. ಮೆದುಳುಪೊರೆ ಉರಿಯೂತ ಅಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ ಫೈಜರ್ ಕಂಪನಿ ಟ್ರೊವಾನ್ ಎಂಬ ಔಷಧಿಯ ಪ್ರಯೋಗಕ್ಕೆ 200 ಮಕ್ಕಳನ್ನು ಸೇರಿಸಿಕೊಂಡಿತು. ಅವರಲ್ಲಿ 11 ಮಕ್ಕಳು ತೀರಿಕೊಂಡರು. ಸಾವಿಗೆ ರೋಗವೇ ಕಾರಣವೆಂದು ಕಂಪನಿ ವಾದಿಸಿತು. ಸರಿಯಾದ ಒಪ್ಪಿಗೆ ಪಡೆದಿರಲಿಲ್ಲವೆಂದು ಕುಟುಂಬಗಳು ನ್ಯಾಯಾಲಯದ ಮೆಟ್ಟಿಲೇರಿದವು. 2009ರಲ್ಲಿ ಕಂಪನಿ ಕಾನೊ ರಾಜ್ಯದೊಂದಿಗೆ 7.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಈ ಗಾಯ ಹಸಿಯಾಗಿದ್ದ ಊರಿಗೆ ಲಸಿಕೆಯ ವದಂತಿ ಬಂದಿತ್ತು. ತಪ್ಪು ಮಾಹಿತಿಯನ್ನು ಜನರ ಅಜ್ಞಾನದ ಲೆಕ್ಕಕ್ಕೆ ಬರೆಯುವ ಅಧ್ಯಯನಗಳು ಈ ಹಿನ್ನೆಲೆಯನ್ನು ಕಡೆಗಣಿಸುತ್ತವೆ. ನಂಬಿಕೆ ಮುರಿದಲ್ಲಿ ಬರೀ ಅಂಕಿಅಂಶಗಳಿಂದ ಸುಳ್ಳು ಕರಗದು ಎಂಬುದು ಈ ಲೇಖನದ ವಾದ.

ಕಾನೊದಲ್ಲಿ ನಡೆದ ದುರಸ್ತಿಯೇ ಇದಕ್ಕೆ ಸಾಕ್ಷಿ. 2004ರಲ್ಲಿ ಮುಸ್ಲಿಂ ಬಹುಸಂಖ್ಯಾತ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿದ ಮೇಲೆ ರಾಜ್ಯ ಸರ್ಕಾರ ಬಹಿಷ್ಕಾರ ಕೈಬಿಟ್ಟಿತು. 2009ರಿಂದ ಉತ್ತರದ ಸಾಂಪ್ರದಾಯಿಕ ಅರಸರು ಸಮಿತಿ ರಚಿಸಿಕೊಂಡು ಅಭಿಯಾನದ ಹೊಣೆ ಹೊತ್ತರು. 2012ರಿಂದ ಯುನಿಸೆಫ್ ನೆರವಿನಲ್ಲಿ ಅದೇ ಓಣಿಯ ಹೆಂಗಸರು ಮನೆಮನೆಗೆ ಹೊರಟರು. ಪರಗಂಡಸರಿಗೆ ಪ್ರವೇಶವಿಲ್ಲದ ಒಳಮನೆಯಲ್ಲಿ ಕುಳಿತು ಹೌಸಾ ಭಾಷೆಯಲ್ಲಿ ಬಾಣಂತಿಯೊಂದಿಗೆ ಮಾತನಾಡುವುದು, ನಾಮಕರಣಕ್ಕೆ ಹೋಗಿ ಕೂಸಿನ ಹೆಸರು ಬರೆದುಕೊಳ್ಳುವುದು, ನಾಲಿಗೆಗೆ ಎರಡು ಹನಿ ಬಿದ್ದ ಮೇಲೆ ಕಿರುಬೆರಳಿಗೆ ಮಸಿ ಹಚ್ಚುವುದು ಅವರ ಕೆಲಸವಾಗಿತ್ತು. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡವರೂ ಬಾಗಿಲಿಗೆ ಬಂದು ಹೆತ್ತವರೆದುರು ಮಾತನಾಡಿದರು.

ವದಂತಿಯ ವೇಗ ಎಷ್ಟೆಂಬುದನ್ನು 2014ರಲ್ಲಿ ನೈಜೀರಿಯಾಕ್ಕೆ ಬಂದ ಎಬೋಲಾ ತೋರಿಸಿತು. ಉಪ್ಪುನೀರು ಕುಡಿದರೆ, ಅದರಲ್ಲೇ ಸ್ನಾನ ಮಾಡಿದರೆ ಸೋಂಕು ತಗಲದೆಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಉಪ್ಪುನೀರು ಕುಡಿದು ಕನಿಷ್ಠ ಇಬ್ಬರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಇತ್ತ ಆರೋಗ್ಯ ಕಾರ್ಯಕರ್ತರು ಸೋಂಕಿತರ ಸಂಪರ್ಕಕ್ಕೆ ಬಂದ 894 ಜನರನ್ನು ಮುಖತಃ ಕಾಣಲು ಸುಮಾರು 18,500 ಬಾರಿ ಭೇಟಿ ನೀಡಿದರು. ಅಕ್ಟೋಬರ್ 20ರಂದು ದೇಶ ಎಬೋಲಾಮುಕ್ತವೆನಿಸಿತು.

ವಾಟ್ಸ್‌ಆ್ಯಪ್ ಕಾಲಕ್ಕೂ ಈ ಪಾಠ ಒಗ್ಗುತ್ತದೆ. 2012ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾದ ಆಫ್ರಿಕಾ ಚೆಕ್ ಸಂಸ್ಥೆ 2019ರಲ್ಲಿ ಸತ್ಯಶೋಧನೆಯನ್ನು ಧ್ವನಿಸಂದೇಶದ ರೂಪಕ್ಕೆ ತಂದಿತು. ಜನ ಅನುಮಾನದ ಸಂದೇಶವನ್ನು ಕಳಿಸುತ್ತಾರೆ. ಪುಟ್ಟ ಧ್ವನಿಮುದ್ರಿಕೆಯಲ್ಲಿ ಉತ್ತರ ಬರುತ್ತದೆ. ಸುಳ್ಳು ಬಂದ ದಾರಿಯಲ್ಲೇ ಅದು ಕುಟುಂಬದ ಗುಂಪಿಗೂ ಹೋಗುತ್ತದೆ.

ನಿಷೇಧದ ದಾರಿ ಇದಕ್ಕೆ ವಿರುದ್ಧವಾದದ್ದು. ನೈಜೀರಿಯಾ ಸರ್ಕಾರ 2021ರ ಜೂನ್‌ನಲ್ಲಿ ಟ್ವಿಟರನ್ನು ಅಮಾನತಿನಲ್ಲಿಟ್ಟಾಗ ಸುಳ್ಳು ಸುದ್ದಿಯನ್ನೂ ಕಾರಣವಾಗಿ ಮುಂದಿಟ್ಟಿತು. ಏಳು ತಿಂಗಳು ಸುಳ್ಳಿನೊಂದಿಗೆ ಸತ್ಯ ಹೇಳುವವರ ಬಾಯಿಗೂ ಬೀಗ ಬಿತ್ತು. 2022ರಲ್ಲಿ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಒಕ್ಕೂಟದ ನ್ಯಾಯಾಲಯ ಆ ಕ್ರಮವನ್ನು ಕಾನೂನುಬಾಹಿರವೆಂದಿತು.

ಓಣಿಯ ಹೆಂಗಸರ ಕೆಲಸ ನಿಧಾನದ್ದು, ಆದರೆ ಫಲ ಕೊಟ್ಟಿತು. 2020ರ ಆಗಸ್ಟ್ 25ರಂದು ಆಫ್ರಿಕಾ ವಲಯ ಕಾಡು ಪೋಲಿಯೊ ವೈರಸ್‌ನಿಂದ ಮುಕ್ತವೆಂದು ಘೋಷಣೆಯಾಯಿತು. ಕಾನೊದ ಬಹಿಷ್ಕಾರ ಶುರುವಾಗಿ ಆಗ 17 ವರ್ಷಗಳಾಗಿದ್ದವು.