ಹೆಬ್ಬಾಳದ 30 ಎಕರೆ ಮತ್ತು ನಮ್ಮ ಶಾಲೆಯ ಅಂಗಳ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಒಂದು ಲೇಖನ ಬರೆದುಕೊಡಿ ಎಂದು ಸಂಚಿಕೆಯ ಸಮಿತಿಯವರು ಕೇಳಿದರು. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೂ ಬರೆಯಲು ಆರಿಸಿಕೊಂಡದ್ದು ಕೃಷಿ ಶಿಕ್ಷಣದ ಇತಿಹಾಸವನ್ನು. ಈ ಶಾಲೆಯಲ್ಲಿ ಕಲಿತವರಲ್ಲಿ ಹೆಚ್ಚಿನವರು ಬೇಸಾಯದ ಮನೆಯವರು. "ಸರಿಯಾಗಿ ಓದದಿದ್ರೆ ದನ ಕಾಯೋಕೆ ಹೋಗು" ಎಂಬ ಬೈಗುಳ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಓದಿದವರಿಗೆ ಹೊಲವಲ್ಲ, ಹೊಲದವರಿಗೆ ಓದಲ್ಲ ಎಂಬ ಈ ನಂಬಿಕೆಯನ್ನು ನಮ್ಮ ನಾಡಿನ ಇತಿಹಾಸ ಒಪ್ಪುವುದಿಲ್ಲ.

1899ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕೆ ಕೊಟ್ಟರು. ಅಲ್ಲಿ ಮಣ್ಣು ಮತ್ತು ಬೆಳೆಯ ಪರೀಕ್ಷೆ ಆರಂಭಿಸಿದವರು ಡಾ. ಲೇಹ್‌ಮನ್. ಅವರ ನಂತರ ಆ ಕೆಲಸದ ಹೊಣೆ ಹೊತ್ತವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆ ತೋಟಗಳನ್ನು ಹಾಳು ಮಾಡುತ್ತಿದ್ದ ಕೊಳೆರೋಗಕ್ಕೆ ಕಾರಣ ಶಿಲೀಂಧ್ರದಂಥ ಒಂದು ಸೂಕ್ಷ್ಮಜೀವಿ ಎಂಬುದನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೈತರಿಗೆ ಪರಿಚಯಿಸಿದರು. ಇಂದಿಗೂ ಮಳೆಗಾಲದ ಮೊದಲು ಅಡಿಕೆ ಬೆಳೆಗಾರರು ಅದನ್ನೇ ಹೊಡೆಯುತ್ತಾರೆ.

ಪ್ರಯೋಗ ಮಾಡುವವರು ಇದ್ದರೆ ಸಾಲದು, ಕಲಿಯುವವರೂ ಬೇಕು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ವಿದ್ಯಾರ್ಥಿಗಳು ಅಲ್ಲೇ ಉಳಿದು ಓದಬೇಕಿತ್ತು. ಅದೇ ಶಾಲೆ 1946ರಲ್ಲಿ ಕಾಲೇಜಾಯಿತು. ಮರುವರ್ಷ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲೂ ಕೃಷಿ ಕಾಲೇಜು ತೆರೆಯಿತು. 1964ರ ಆಗಸ್ಟ್ 21ರಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದವರು ಅಂದಿನ ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕರೆದ ಶಿಕ್ಷಣ ಸಮ್ಮೇಳನದ ನಂತರ ಬುನಾದಿ ಶಿಕ್ಷಣದ ಯೋಜನೆ ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರೂ ಇವರೇ. ಮಕ್ಕಳು ಬೇಸಾಯ, ನೂಲುವುದು ಮುಂತಾದ ಕೆಲಸದ ಮೂಲಕವೇ ಗಣಿತ, ವಿಜ್ಞಾನ ಕಲಿಯಬೇಕು ಎಂಬುದು ಆ ಯೋಜನೆಯ ಆಶಯ.

ಈ ಸಂಸ್ಥೆಗಳು ಬೆಳೆದದ್ದರ ಫಲ ನಮ್ಮ ತಟ್ಟೆಗೇ ಬಂದಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಹೆಸರಿನಲ್ಲೇ ಇಂಡಿಯಾ ಮತ್ತು ಆಫ್ರಿಕಾ ಎರಡೂ ಇವೆ. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. 1972ರಲ್ಲಿ ಧಾರವಾಡದಿಂದ ಡಾ. ಬಿ.ಎಚ್. ಕಾತರಕಿಯವರ 'ವರಲಕ್ಷ್ಮಿ' ಹತ್ತಿ ಹೊರಬಂತು.

ಮೇಲೆ ವಿಶ್ವವಿದ್ಯಾಲಯ ಬೆಳೆಯಿತು, ಕೆಳಗೆ ಪ್ರೌಢಶಾಲೆಯಲ್ಲಿ ಬೇಸಾಯಕ್ಕೆ ಜಾಗ ಸಿಗಲಿಲ್ಲ. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಶಿಕ್ಷಣದ ಭಾಗವಾಗಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಎಸ್‌ಯುಪಿಡಬ್ಲ್ಯು ಎಂದು ರೂಪಿಸಿತು. ವೇಳಾಪಟ್ಟಿಯಲ್ಲಿ ಆ ಪಿರಿಯಡ್ ನಮ್ಮ ಕಾಲಕ್ಕೂ ಇತ್ತು. ನಾವು ಕೈತೋಟದ ಕಳೆ ಕಿತ್ತು, ಗಿಡಕ್ಕೆ ನೀರು ಹಾಕಿ ಬರುತ್ತಿದ್ದೆವು. ಆ ಕಳೆಯ ಹೆಸರೇನು, ಅದು ಅಲ್ಲೇ ಏಕೆ ಬೆಳೆಯಿತು ಎಂಬುದು ಪರೀಕ್ಷೆಗೆ ಬರುವ ವಿಷಯವಾಗಿರಲಿಲ್ಲ.

ಅದು ಅಂಕ ತರುವ ಒಂದು ಪರೀಕ್ಷೆಯೂ ಇದೆ ಎಂಬುದನ್ನು ನಮ್ಮೂರಿನ ಪೋಷಕರು ತಿಳಿಯಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಮೂಲಕ ಬಿ.ಎಸ್ಸಿ. ಕೃಷಿ ಪದವಿಗೆ ಸೇರುವಾಗ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಬೆಳೆ, ಉಪಕರಣಗಳನ್ನು ಗುರುತಿಸಬೇಕು. ಕೂರಿಗೆ ಹಿಡಿದ ಅಪ್ಪನ ಹಿಂದೆ ನಡೆದ ಹುಡುಗಿ ಅಲ್ಲಿ ಯಾರಿಗೂ ಕಡಿಮೆಯಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಕನ್ನಡದಲ್ಲೇ ಕಲಿಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಡ್ರೋನ್ ಹಾರಿಸುವ ಪ್ರಮಾಣಪತ್ರಕ್ಕೂ ಹದಿನೆಂಟು ವರ್ಷ ವಯಸ್ಸು, ಹತ್ತನೇ ತರಗತಿಯ ಪಾಸು ಮತ್ತು ಮಾನ್ಯತೆ ಪಡೆದ ಕೇಂದ್ರದ ತರಬೇತಿ ಸಾಕು. ರೈತ ಸಂಪರ್ಕ ಕೇಂದ್ರ, ಬ್ಯಾಂಕಿನ ಕೃಷಿ ಸಾಲ ವಿಭಾಗ, ಬೀಜ ಕಂಪನಿ, ರೇಷ್ಮೆ, ತೋಟಗಾರಿಕೆ, ಆಹಾರ ಸಂಸ್ಕರಣೆ ಎಲ್ಲ ಕಡೆಯೂ ಈ ಓದಿನವರು ಬೇಕು. ತಮ್ಮದೇ ಹೊಲಕ್ಕೆ ಮರಳುವವರಿಗೂ ಈ ಓದು ವ್ಯರ್ಥವಲ್ಲ.

ನನ್ನ ವೃತ್ತಿಯ ಕಡೆಯಿಂದ ಒಂದು ಮಾತು. ಎಲೆಯ ಫೋಟೊ ನೋಡಿ ರೋಗ ಹೇಳುವ ಮೊಬೈಲ್ ಆ್ಯಪ್‌ಗಳು ಈಗ ಬಂದಿವೆ. ಕಂಪ್ಯೂಟರಿಗೆ ತಾನಾಗಿ ಏನೂ ಗೊತ್ತಿರುವುದಿಲ್ಲ. ಇದು ರಾಗಿಯ ಬೆಂಕಿ ರೋಗ, ಇದು ಬರೀ ನೀರಿನ ಕೊರತೆ ಎಂದು ಸಾವಿರಾರು ಫೋಟೊಗಳನ್ನು ಬೆಳೆ ಬಲ್ಲವರು ಮೊದಲು ವಿಂಗಡಿಸಿ ಕೊಡಬೇಕು. ಕೋಡ್ ಬರೆಯುವ ನಮ್ಮಂಥವರು ಸಾಕಷ್ಟು ಜನ ಸಿಗುತ್ತಾರೆ. ಹೊಲವನ್ನೂ ಬಲ್ಲ, ವಿಜ್ಞಾನವನ್ನೂ ಓದಿದ ಜನ ಸಿಗುವುದು ಕಷ್ಟ. ಅಂಥವರು ನಮ್ಮ ಶಾಲೆಯಂಥ ಕಡೆಯಿಂದಲೇ ಬರಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕಸುಬು ಬಲ್ಲವರ ಬಳಿ ಕಲಿಯಲಿ ಎನ್ನುತ್ತದೆ. ನಾವು ಅಷ್ಟಕ್ಕೂ ಕಾಯಬೇಕಿಲ್ಲ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಎರಡು ಪಾತಿ ಮಾಡಿ, ಒಂದರಲ್ಲಿ ಚೆಲ್ಲಿದ ರಾಗಿ, ಇನ್ನೊಂದರಲ್ಲಿ ಗುಳಿ ಪದ್ಧತಿಯ ರಾಗಿ ಬೆಳೆಯೋಣ. ತೆಂಡೆ ಎಷ್ಟು, ತೆನೆ ಎಷ್ಟು, ಇಳುವರಿ ಎಷ್ಟು ಎಂದು ಒಂಬತ್ತನೇ ತರಗತಿಯವರು ಲೆಕ್ಕ ಬರೆದಿಡಲಿ. ಕಲಿಸಲು ಊರಿನ ಹಿರಿಯ ರೈತರು ಬರಲಿ. ವರ್ಷಕ್ಕೊಮ್ಮೆ ಮಕ್ಕಳನ್ನು ಕೃಷಿ ಮೇಳಕ್ಕೆ ಕರೆದೊಯ್ಯುವ ಬಸ್ಸಿನ ಖರ್ಚನ್ನು ನಾವು ಹಳೆಯ ವಿದ್ಯಾರ್ಥಿಗಳು ಹಂಚಿಕೊಳ್ಳೋಣ. ಮೊದಲ ವರ್ಷದ್ದು ನನ್ನದಿರಲಿ. ಹೆಬ್ಬಾಳದಲ್ಲಿ ಆರಂಭವಾದದ್ದು 30 ಎಕರೆಯಿಂದ. ನಮಗೆ ಎರಡು ಪಾತಿ ಸಾಕು.